ಅಪ್ಪನ ಕಿಡ್ನಿಗೆ ಬ್ಯಾಕ್ಟೀರಿಯಾ ಕ್ಯಾಪ್ಸೂಲ್ ಕೊಡಬಹುದಾ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಬಿಪಿಯೂ ಇದೆ. ಕಳೆದ ತಿಂಗಳು ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.9, ಇಜಿಎಫ್‌ಆರ್ 40 ಬಂತು. ಪೊಟ್ಯಾಸಿಯಂ 4.5, ಅದು ನಾರ್ಮಲ್ ಅಂದರು. ಆದರೂ ಭಯಕ್ಕೆ ನಾವು ಹಣ್ಣು, ತರಕಾರಿ, ಕಾಳು ಎಲ್ಲ ನಿಲ್ಲಿಸಿದ್ದೇವೆ. ಈಗ ಅವರಿಗೆ ಮೂರು ದಿನಕ್ಕೊಮ್ಮೆ ಮೋಷನ್ ಆಗುತ್ತೆ, ಅದೂ ತಿಣುಕಿ ತಿಣುಕಿ. ಕರುಳಿನ ಬ್ಯಾಕ್ಟೀರಿಯಾ ಸರಿಮಾಡಿದರೆ ಕಿಡ್ನಿ ತಾನೇ ಸರಿಹೋಗುತ್ತೆ, 'ಕಿಡ್ನಿ ಪ್ರೋಬಯಾಟಿಕ್' ಕ್ಯಾಪ್ಸೂಲ್ ಕೊಡಿ ಅಂತ ಒಬ್ಬರು ಹೇಳಿದರು. ಕರುಳು ತೊಳೆಸಿ ವಿಷ ತೆಗೆಸಿ ಅಂತ ಇನ್ನೊಬ್ಬರು. ಕರುಳಿಗೂ ಕಿಡ್ನಿಗೂ ನಿಜವಾಗಲೂ ಸಂಬಂಧ ಇದೆಯಾ ಡಾಕ್ಟ್ರೇ? ನಾವೇನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆ ಓದುತ್ತಾ 'ಮೂರು ದಿನಕ್ಕೊಮ್ಮೆ' ಅನ್ನೋ ಕಡೆ ಬಂದು ನಿಂತೆ. ಕ್ರಿಯಾಟಿನಿನ್ 1.9 ಇರುವವರನ್ನು ದಿನಾ ನೋಡುತ್ತೇನೆ. ಆದರೆ ಮೋಷನ್ ವಿಚಾರವನ್ನು ಮನೆಯವರು ತಾವಾಗಿ ಹೇಳುವುದು ಅಪರೂಪ. ನಾವು ಡಾಕ್ಟರುಗಳೂ ಕೇಳುವುದು ಕಮ್ಮಿ, ಒಪ್ಪಿಕೊಳ್ಳುತ್ತೇನೆ.

ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ. ಕ್ಯಾಪ್ಸೂಲ್ ಸದ್ಯಕ್ಕೆ ಬೇಡ. ಕರುಳು ತೊಳೆಸುವುದಂತೂ ಬೇಡವೇ ಬೇಡ. ನೀವು ಭಯಕ್ಕೆ ನಿಲ್ಲಿಸಿದ ತರಕಾರಿ, ಹಣ್ಣು, ಕಾಳು ಮತ್ತೆ ತಟ್ಟೆಗೆ ಬರಬೇಕು.

ಈ ಸಂಬಂಧ ನನ್ನ ತಲೆಗೆ ಹೋಗಿದ್ದು ಒಂದು ಯೂರಿನ್ ಬ್ಯಾಗಿನಿಂದ. ಆಗ ನಾನಿನ್ನೂ ಜೂನಿಯರ್ ಡಾಕ್ಟರ್. ರಾತ್ರಿ ಪಾಳಿಯಲ್ಲಿ ನರ್ಸ್ ಒಬ್ಬರು ಬಂದು, "ಸರ್, ಒಂದ್ಸಲ ಬಂದು ನೋಡಿ" ಅಂದರು. ಹಾಸಿಗೆ ಹಿಡಿದ ಒಬ್ಬ ಅಜ್ಜಿ. ವಾರಗಟ್ಟಲೆಯಿಂದ ಮೂತ್ರ ಹೋಗಲು ಕ್ಯಾಥೆಟರ್ ಅನ್ನೋ ನಳಿಕೆ ಹಾಕಿತ್ತು. ಮಂಚದ ಪಕ್ಕ ನೇತುಬಿದ್ದಿದ್ದ ಚೀಲ ಅಪ್ಪಟ ನೇರಳೆ ಬಣ್ಣ. ಟ್ಯೂಬ್ ಕೂಡ ನೇರಳೆ. ಯಾರೋ ಇಂಕು ಸುರಿದ ಹಾಗೆ. ನಾನು ಗಾಬರಿಯಾಗಿ ಸೀನಿಯರ್‌ಗೆ ಫೋನ್ ಮಾಡಿದೆ. ಅವರು ನಿದ್ದೆಗಣ್ಣಲ್ಲೇ ಕೇಳಿದ್ದು ಒಂದೇ ಪ್ರಶ್ನೆ: "ಮೋಷನ್ ಆಗಿ ಎಷ್ಟು ದಿನ ಆಯ್ತು?" ಐದು ದಿನ ಆಗಿತ್ತು.

ಅದಕ್ಕೆ ಪರ್ಪಲ್ ಯೂರಿನ್ ಬ್ಯಾಗ್ ಸಿಂಡ್ರೋಮ್ ಅನ್ನುತ್ತಾರೆ. 1978ರಿಂದಲೇ ವೈದ್ಯಕೀಯ ಬರಹಗಳಲ್ಲಿದೆ. ನೋಡಲು ಭಯಂಕರ, ಆದರೆ ಬಣ್ಣದಿಂದ ಅಪಾಯವಿಲ್ಲ. ನಡೆಯುವುದು ಇಷ್ಟು. ನಾವು ತಿನ್ನುವ ಪ್ರೋಟೀನಿನಲ್ಲಿ ಟ್ರಿಪ್ಟೊಫಾನ್ ಅನ್ನೋ ಅಮೈನೋ ಆಮ್ಲ ಇರುತ್ತೆ. ಸಣ್ಣ ಕರುಳಲ್ಲಿ ಹೀರಿಕೊಳ್ಳದೆ ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಕೊಳೆಸಿ ಇಂಡೋಲ್ ಮಾಡುತ್ತವೆ. ಮಲದ ವಾಸನೆಗೆ ಇಂಡೋಲಿನ ಪಾಲೂ ಇದೆ. ಈ ಇಂಡೋಲ್ ರಕ್ತಕ್ಕೆ ಸೇರಿ ಲಿವರಿಗೆ ಹೋಗಿ ಇಂಡಾಕ್ಸಿಲ್ ಸಲ್ಫೇಟ್ ಆಗುತ್ತೆ. ಕಿಡ್ನಿ ಅದನ್ನು ಮೂತ್ರಕ್ಕೆ ಹಾಕುತ್ತೆ. ಅಜ್ಜಿಯ ಕ್ಯಾಥೆಟರಿನಲ್ಲಿ ಬೀಡುಬಿಟ್ಟಿದ್ದ ಬೇರೆ ಬ್ಯಾಕ್ಟೀರಿಯಾ ಅದರ ಸಲ್ಫೇಟನ್ನು ಕಿತ್ತುಹಾಕಿದವು. ಉಳಿದದ್ದು ಗಾಳಿ ತಾಗಿ ನೀಲಿ ಇಂಡಿಗೋ, ಕೆಂಪು ಇಂಡಿರುಬಿನ್ ಆಯಿತು. ನೀಲಿ, ಕೆಂಪು ಸೇರಿ ನೇರಳೆ. ಜೀನ್ಸ್ ಪ್ಯಾಂಟಿಗೆ ಹಾಕುವ ನೀಲಿಯೂ ಇದೇ ಇಂಡಿಗೋ.

ಆ ಚೀಲದ ಬಣ್ಣ ಕರುಳಲ್ಲಿ ಹುಟ್ಟಿ, ಲಿವರಿನಲ್ಲಿ ರೂಪ ಬದಲಿಸಿ, ಕಿಡ್ನಿಯ ಮೂಲಕ ಹೊರಬಂದಿತ್ತು. ಅಜ್ಜಿಗೆ ಮೋಷನ್ ಆಗದೆ ಮಲ ಐದು ದಿನ ಒಳಗೇ ಕೂತಿದ್ದಕ್ಕೆ ಅಷ್ಟು ಇಂಡೋಲ್ ತಯಾರಾಗಿತ್ತು. ನಮ್ಮ ನಿಮ್ಮೆಲ್ಲರ ಮೂತ್ರದಲ್ಲೂ ಇಂಡಾಕ್ಸಿಲ್ ಸಲ್ಫೇಟ್ ದಿನಾ ಹೋಗುತ್ತಿರುತ್ತೆ, ಕಾಣುವುದಿಲ್ಲ ಅಷ್ಟೇ. ಪ್ರಶ್ನೆ ಬರುವುದು ಕಿಡ್ನಿ ಸೊರಗಿದಾಗ. ಹೊರಗೆ ಹೋಗಬೇಕಾದ್ದು ರಕ್ತದಲ್ಲೇ ಉಳಿಯುತ್ತೆ.

ಇಂಡಾಕ್ಸಿಲ್ ಸಲ್ಫೇಟಿಗೆ ಒಬ್ಬ ಅಣ್ಣತಮ್ಮ ಇದ್ದಾನೆ, ಪಿ-ಕ್ರೆಸಿಲ್ ಸಲ್ಫೇಟ್. ಟೈರೋಸಿನ್ ಮತ್ತು ಫಿನೈಲಾಲನಿನ್ ಅನ್ನೋ ಅಮೈನೋ ಆಮ್ಲಗಳಿಂದ ಬರುವಂಥದ್ದು. ಇವೆರಡೂ ಬ್ಯಾಕ್ಟೀರಿಯಾದಿಂದಲೇ ಹುಟ್ಟುತ್ತವೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇದೆ. ಹುಟ್ಟಿನಿಂದ ಒಂದೂ ಬ್ಯಾಕ್ಟೀರಿಯಾ ತಾಗದಂತೆ ಸಾಕಿದ ಇಲಿಗಳ ರಕ್ತದಲ್ಲಿ ಇಂಡಾಕ್ಸಿಲ್ ಸಲ್ಫೇಟ್ ಸಿಗಲಿಲ್ಲ. ಇದು 2009ರ ಮಾತು. 2011ರಲ್ಲಿ ಇನ್ನೂ ಚೆಂದದ ಕೆಲಸ ಬಂತು. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಕೆಲವರಿಗೆ ಬೇರೆ ಕಾಯಿಲೆಗಾಗಿ ದೊಡ್ಡ ಕರುಳನ್ನೇ ತೆಗೆದಿದ್ದರು. ಅವರ ರಕ್ತವನ್ನು ದೊಡ್ಡ ಕರುಳು ಇರುವವರ ರಕ್ತದ ಜೊತೆ ಹೋಲಿಸಿದರು. ಕರುಳಿಲ್ಲದವರಲ್ಲಿ ಈ ಎರಡು ವಿಷವೂ ಹೆಚ್ಚುಕಮ್ಮಿ ಇರಲೇ ಇಲ್ಲ. ಕಿಡ್ನಿ ಎರಡೂ ಕಡೆ ಕೆಲಸ ನಿಲ್ಲಿಸಿತ್ತು, ವ್ಯತ್ಯಾಸ ಇದ್ದದ್ದು ಕರುಳಲ್ಲಿ.

ಈ ವಿಷ ಕಿಡ್ನಿಯಿಂದ ಹೊರಹೋಗುವ ಬಗೆ ಕೇಳಿ. ನಮ್ಮ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೆರಡು ಲೀಟರ್ ಮಾತ್ರ ಮೂತ್ರವಾಗುತ್ತೆ. ಯೂರಿಯಾದಂಥ ಸಣ್ಣ ವಸ್ತುಗಳು ಈ ಜರಡಿಯಲ್ಲಿ ಸಲೀಸಾಗಿ ಇಳಿಯುತ್ತವೆ. ಆದರೆ ಇಂಡಾಕ್ಸಿಲ್ ಸಲ್ಫೇಟ್ ರಕ್ತದಲ್ಲಿ ಒಂಟಿಯಾಗಿ ಓಡಾಡುವುದಿಲ್ಲ. ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಪಾಲು ಆಲ್ಬುಮಿನ್ ಅನ್ನೋ ದೊಡ್ಡ ಪ್ರೋಟೀನಿನ ಬೆನ್ನಿಗೆ ಅಂಟಿಕೊಂಡಿರುತ್ತೆ. ಆಲ್ಬುಮಿನ್ ಜರಡಿಯಲ್ಲಿ ತೂರುವುದಿಲ್ಲ, ತೂರಲೂ ಬಾರದು. ಹಾಗಾಗಿ ಕಿಡ್ನಿಯ ಕೊಳವೆಗಳ ಗೋಡೆಯಲ್ಲಿರುವ ಜೀವಕೋಶಗಳು ಈ ವಿಷವನ್ನು ಆಲ್ಬುಮಿನಿನಿಂದ ಬಿಡಿಸಿ, ತಮ್ಮ ಒಳಗೆ ಎಳೆದುಕೊಂಡು, ಆಚೆ ಬದಿಯಿಂದ ಮೂತ್ರಕ್ಕೆ ತಳ್ಳುತ್ತವೆ. ಹೊತ್ತು ಸಾಗಿಸುವ ಹಮಾಲಿ ಕೆಲಸ. ಕೊಳವೆಗಳು ಅರ್ಧಕ್ಕರ್ಧ ಸತ್ತರೆ, ಉಳಿದವು ಎಲ್ಲ ಹೊರೆ ಹೊರಬೇಕು. ಹೊರುವಾಗ ಆ ವಿಷ ಅವುಗಳ ಒಳಗೇ ಶೇಖರವಾಗಿ ಜೀವಕೋಶವನ್ನೇ ಸುಡುತ್ತೆ, ಗಾಯದ ಕಲೆಯಂಥ ನಾರು ಕಟ್ಟಿಸುತ್ತೆ. ಇಲಿಗಳಲ್ಲಿ ಇದನ್ನು ಕಣ್ಣಾರೆ ನೋಡಿದ್ದಾರೆ. ರಕ್ತನಾಳದ ಒಳಪದರಕ್ಕೂ ಇದು ಒಳ್ಳೆಯದಲ್ಲ. ಕಿಡ್ನಿ ರೋಗಿಗಳಿಗೆ ಹೃದಯದ ತೊಂದರೆ ಜಾಸ್ತಿ ಇರುವುದರಲ್ಲಿ ಇದರ ಕೈವಾಡವೂ ಇದೆ ಅಂತ ಅನುಮಾನ.

ಡಯಾಲಿಸಿಸ್ ಯಂತ್ರಕ್ಕೂ ಇದೇ ತಲೆನೋವು. ಅದೂ ಜರಡಿಯೇ ಅಲ್ವಾ? ನಾಲ್ಕು ಗಂಟೆಯಲ್ಲಿ ಯೂರಿಯಾ ಮೂರರಲ್ಲಿ ಎರಡು ಪಾಲು ಇಳಿದರೆ, ಇಂಡಾಕ್ಸಿಲ್ ಸಲ್ಫೇಟ್ ಇಳಿಯುವುದು ಸುಮಾರು ಮೂರರಲ್ಲಿ ಒಂದು ಪಾಲು. ನಿಮ್ಮ ತಂದೆಯವರಿಗೆ ಡಯಾಲಿಸಿಸ್ ಮಾತು ಈಗ ಬೇಕಾಗಿಲ್ಲ. ಇಜಿಎಫ್‌ಆರ್ 40 ಅಂದರೆ ಕಿಡ್ನಿಯ ಸೋಸುವ ಶಕ್ತಿ ಕುಗ್ಗಿ, ಕಿಡ್ನಿ ರೋಗದ ಐದು ಹಂತಗಳಲ್ಲಿ ಮೂರನೆಯದರ ಕೆಳಭಾಗ. ತುಂಬಾ ವರ್ಷ ಹೀಗೇ ಕಾಪಾಡಿಕೊಳ್ಳಬಹುದು.

ಇಷ್ಟೂ ಕರುಳಿನಿಂದ ಕಿಡ್ನಿಗೆ ಆಗುವ ಪೆಟ್ಟು. ವಾಪಸ್ ಪೆಟ್ಟೂ ಇದೆ. ಕಿಡ್ನಿ ಸೊರಗಿದರೆ ರಕ್ತದಲ್ಲಿ ಯೂರಿಯಾ ಏರುತ್ತೆ, ಏರಿದ ಯೂರಿಯಾ ಕರುಳಿನೊಳಗೂ ಜಿನುಗುತ್ತೆ. ಅಲ್ಲಿ ಯೂರಿಯಾವನ್ನು ಒಡೆಯಬಲ್ಲ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಅಮೋನಿಯಾ ಕ್ಷಾರ. ಕರುಳಿನ ಗೋಡೆಯ ಜೀವಕೋಶಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವ ಹೊಲಿಗೆಯನ್ನು ಅದು ಸಡಿಲ ಮಾಡುತ್ತೆ. ಆ ಸಂದಿಯಲ್ಲಿ ಬ್ಯಾಕ್ಟೀರಿಯಾದ ಚೂರುಪಾರು ರಕ್ತಕ್ಕೆ ನುಸುಳುತ್ತೆ. ಮೈಯೆಲ್ಲಾ ಸಣ್ಣಗೆ ಉರಿಯೂತ ಶುರುವಾಗುತ್ತೆ. ಕ್ಯಾಲಿಫೋರ್ನಿಯಾದ ನೊಸ್ರತೊಲ ವಝೀರಿ ಮತ್ತು ಅವರ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಕಿಡ್ನಿ ಕೆಟ್ಟವರ ಕರುಳಿನ ಬ್ಯಾಕ್ಟೀರಿಯಾ ಆರೋಗ್ಯವಂತರಿಗಿಂತ ಬೇರೆ ಅಂತ 2013ರಲ್ಲಿ ಅವರು ತೋರಿಸಿದರು. ಹೀಗೆ ಒಂದು ಇನ್ನೊಂದನ್ನು ಕೆಡಿಸುತ್ತಾ ಹೋಗುವ ಸುಳಿ ಇದು.

  

ಈಗ ನಿಮ್ಮ ಮನೆಯ ತಟ್ಟೆಗೆ ಬರೋಣ. ಕರುಳಿನ ಬ್ಯಾಕ್ಟೀರಿಯಾಗಳ ಒಂದು ಗುಣ ತಿಳಿದರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತೆ. ಅವಕ್ಕೆ ಮೊದಲು ಬೇಕಾದ್ದು ನಾರಿನಂಶ. ನಾರು ಸಿಕ್ಕರೆ ಅದನ್ನೇ ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಬ್ಯುಟಿರೇಟ್ ದೊಡ್ಡ ಕರುಳಿನ ಗೋಡೆಗೆ ಊಟ. ಆಗಲೇ ಹೇಳಿದೆನಲ್ಲ, ಆ ಹೊಲಿಗೆ, ಅದನ್ನು ಬಿಗಿ ಮಾಡುವುದೂ ಇದೇ. ನಾರು ಮುಗಿದ ಮೇಲೆ ಅವು ಪ್ರೋಟೀನಿಗೆ ಕೈಹಾಕುತ್ತವೆ. ಇಂಡೋಲ್, ಮತ್ತೆ ಪಿ-ಕ್ರೆಸಿಲ್ ಸಲ್ಫೇಟಿನ ಮೂಲವಾದ ಕ್ರೆಸಾಲ್ ಹುಟ್ಟುವುದು ಆಗ. ದೊಡ್ಡ ಕರುಳಿನ ಬಲಭಾಗದಲ್ಲಿ ನಾರಿನ ಕೆಲಸ ನಡೆದರೆ, ಮಲ ಎಡಭಾಗಕ್ಕೆ ಬರುವಷ್ಟರಲ್ಲಿ ನಾರು ಖಾಲಿ, ಅಲ್ಲಿ ಪ್ರೋಟೀನ್ ಕೊಳೆಯುತ್ತೆ. ಮಲ ಅಲ್ಲಿ ಎಷ್ಟು ಹೊತ್ತು ಕೂರುತ್ತೋ ಅಷ್ಟು ಕೊಳೆ. ಒಂದು ದಿನದ ಬದಲು ಮೂರು ದಿನ ಕೂತರೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ.

ನೀವು ಮಾಡಿರುವುದು ಏನು? ನಾರು ಪೂರ್ತಿ ನಿಲ್ಲಿಸಿದ್ದೀರಿ. ಅದರಿಂದ ಮಲಬದ್ಧತೆ ಬಂದಿದೆ. ಬ್ಯಾಕ್ಟೀರಿಯಾಗೆ ಒಳ್ಳೆಯ ಊಟ ಇಲ್ಲ, ಕೆಟ್ಟದ್ದನ್ನು ಕೊಳೆಸಲು ಬೇಕಾದಷ್ಟು ಟೈಮ್ ಇದೆ. ಬೈಯುತ್ತಿಲ್ಲ. ಕಿಡ್ನಿ ಅಂದ ತಕ್ಷಣ ಹಣ್ಣು ಬೇಡ, ತರಕಾರಿ ಬೇಡ, ಕಾಳು ಬೇಡ ಅನ್ನುವ ಪಟ್ಟಿ ಎಲ್ಲಿ ಹುಡುಕಿದರೂ ಸಿಗುತ್ತೆ. ಕೆಲವು ಕಡೆ ನಾವೇ ಪ್ರಿಂಟ್ ಮಾಡಿ ಕೈಗೆ ಕೊಟ್ಟಿರುತ್ತೇವೆ. ಆ ಪಟ್ಟಿ ಪೊಟ್ಯಾಸಿಯಂ ಏರಿರುವವರಿಗೆ ಮಾಡಿದ್ದು. ನಿಮ್ಮ ತಂದೆಯವರಿಗೆ 4.5 ಇದೆ. ಸುಮ್ನೆ ಹಸಿವು, ಸುಮ್ನೆ ತಿಣುಕಾಟ.

ಇನ್ನೊಂದು ವಿಚಾರ ಇದೆ, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಪೊಟ್ಯಾಸಿಯಂ ಮೂತ್ರದಲ್ಲಷ್ಟೇ ಹೋಗುವುದಿಲ್ಲ, ಮಲದಲ್ಲೂ ಹೋಗುತ್ತೆ. ಆರೋಗ್ಯವಂತರಲ್ಲಿ ನೂರಕ್ಕೆ ಹತ್ತರ ಆಸುಪಾಸು. ಕಿಡ್ನಿ ತೀರಾ ಸೊರಗಿದವರಲ್ಲಿ ದೊಡ್ಡ ಕರುಳು ತಾನಾಗಿ ಈ ಕೆಲಸ ಜಾಸ್ತಿ ವಹಿಸಿಕೊಳ್ಳುತ್ತೆ, ಇಪ್ಪತ್ತೈದರವರೆಗೂ ಹೋಗಬಹುದು. ಮಲಬದ್ಧತೆ ಅಂದರೆ ಆ ಹಿತ್ತಿಲ ಬಾಗಿಲೂ ಮುಚ್ಚಿದ ಹಾಗೆ. ಪೊಟ್ಯಾಸಿಯಂ ಇಳಿಸಲು ತರಕಾರಿ ಬಿಟ್ಟು, ತರಕಾರಿ ಬಿಟ್ಟಿದ್ದಕ್ಕೆ ಮಲ ಕಟ್ಟಿ, ಮಲ ಕಟ್ಟಿದ್ದಕ್ಕೆ ಪೊಟ್ಯಾಸಿಯಂ ಏರಿ ನನ್ನ ಹತ್ತಿರ ಬಂದವರನ್ನು ನೋಡಿದ್ದೇನೆ. ಆಗ ಮನೆಯವರು, "ಇನ್ನೇನು ಬಿಡಿಸೋದು ಡಾಕ್ಟ್ರೇ, ಎಲ್ಲಾ ಬಿಡಿಸಿ ಆಯ್ತಲ್ಲ" ಅನ್ನುತ್ತಾರೆ.

ಮಲಬದ್ಧತೆಗೂ ಕಿಡ್ನಿಗೂ ಅಂಕಿಸಂಖ್ಯೆಯ ನಂಟೂ ಇದೆ. ಅಮೆರಿಕದ ಸುಮಾರು 35 ಲಕ್ಷ ಮಾಜಿ ಸೈನಿಕರ ದಾಖಲೆಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಬದ್ಧತೆ ಇದ್ದವರಲ್ಲಿ ಮುಂದೆ ಕಿಡ್ನಿ ರೋಗ ಬರುವ ಸಂಭವ ಶೇ. 13ರಷ್ಟು ಜಾಸ್ತಿ ಇತ್ತು. ಮಲಬದ್ಧತೆಯೇ ಕಿಡ್ನಿ ಕೆಡಿಸಿತು ಅಂತ ಇದರಿಂದ ಸಾಬೀತಾಗುವುದಿಲ್ಲ. ಎರಡಕ್ಕೂ ಬೇರೆ ಕಾರಣ ಒಂದೇ ಇರಬಹುದು. ಆದರೆ ಮೇಲೆ ಹೇಳಿದ ಕಥೆಗೆ ಹೊಂದುತ್ತೆ.

ತಟ್ಟೆಗೆ ವಾಪಸ್ ಏನೇನು ತರಬೇಕು? ಒಂದೇ ದಿನ ಎಲ್ಲ ಸುರಿಯಬೇಡಿ, ಹೊಟ್ಟೆ ಉಬ್ಬರಿಸಿ ಅವರು ಮತ್ತೆ ಬೇಡ ಅನ್ನುತ್ತಾರೆ. ಮೊದಲ ವಾರ ದಿನಾ ಒಂದು ಬಗೆಯ ತರಕಾರಿ, ಒಂದು ಹಣ್ಣು. ಎಲೆಕೋಸು, ಹೂಕೋಸು, ಬೀನ್ಸ್, ಸೇಬು, ಪಿಯರ್ (ಸೀಬೆ ಅಥವಾ ಪೇರಲೆ ಅಲ್ಲ) ಇವುಗಳಲ್ಲಿ ಪೊಟ್ಯಾಸಿಯಂ ಅಷ್ಟಿಲ್ಲ. ಎರಡನೇ ವಾರ ಕಾಳು, ತೌಡು ತೆಗೆಯದ ಧಾನ್ಯ. ಆಲೂಗಡ್ಡೆಯಂಥದ್ದನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿದರೆ ಪೊಟ್ಯಾಸಿಯಂ ಒಳ್ಳೆ ಪಾಲು ಹೋಗುತ್ತೆ. ಹಣ್ಣು ಹಣ್ಣಾಗಿಯೇ ಇರಲಿ. ಜ್ಯೂಸ್ ಮಾಡಿದರೆ ನಾರು ಹೋಗಿ ಸಕ್ಕರೆ, ಪೊಟ್ಯಾಸಿಯಂ ಎರಡೂ ಉಳಿಯುತ್ತೆ. ನಿಜಕ್ಕೂ ಭಯಪಡಬೇಕಾದ್ದು 'ಲೋ ಸೋಡಿಯಂ' ಅಂತ ಮಾರುವ ಉಪ್ಪಿಗೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಬಿಪಿಗೆ ಒಳ್ಳೆಯದು ಅಂತ ಮನೆಗೆ ತಂದಿದ್ದರೆ ತೆಗೆದಿಡಿ.

ಕಾಳಿನಲ್ಲಿ ಪ್ರೋಟೀನ್ ಇದೆ, ರಂಜಕ ಇದೆ ಅಂತ ಯಾರಾದರೂ ಹೆದರಿಸುತ್ತಾರೆ. ಪ್ರೋಟೀನ್ ದಿನಕ್ಕೆ ಮೈತೂಕದ ಒಂದು ಕೆಜಿಗೆ 0.8 ಗ್ರಾಂ ಅಂತ 2024ರ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಹೇಳುತ್ತೆ. 65 ಕೆಜಿಯವರಿಗೆ 52 ಗ್ರಾಂ. ಪೂರ್ತಿ ಬಿಡಿ ಅಂತ ಎಲ್ಲೂ ಹೇಳಿಲ್ಲ. ಅದರಲ್ಲಿ ಒಳ್ಳೆ ಪಾಲು ಕಾಳಿನಿಂದಲೇ ಬರಲಿ, ಅದರ ಜೊತೆ ನಾರೂ ಬರುತ್ತಲ್ಲ. ಕಾಳಿನ ರಂಜಕ ಫೈಟೇಟ್ ರೂಪದಲ್ಲಿ ಕಟ್ಟಿಕೊಂಡಿರುತ್ತೆ, ನಮ್ಮ ಕರುಳು ಅದನ್ನು ಅರೆಬರೆ ಹೀರುತ್ತೆ ಅಷ್ಟೇ. ಪ್ಯಾಕೆಟ್ ತಿಂಡಿ, ಕೋಲಾದಲ್ಲಿ ಸೇರಿಸುವ ಫಾಸ್ಫೇಟ್ ಮಾತ್ರ ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕೆ ಹೋಗುತ್ತೆ. ಬಿಡಿಸುವುದಾದರೆ ಅದನ್ನು ಬಿಡಿಸಿ.

ನಾರು ಕೊಟ್ಟರೆ ವಿಷ ನಿಜವಾಗಿ ಇಳಿಯುತ್ತಾ? 2014ರಲ್ಲಿ ಡಯಾಲಿಸಿಸ್ ರೋಗಿಗಳಿಗೆ ಆರು ವಾರ ರೆಸಿಸ್ಟಂಟ್ ಸ್ಟಾರ್ಚ್ ಕೊಟ್ಟು ನೋಡಿದರು. ಅಂದರೆ ಸಣ್ಣ ಕರುಳಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುವ ಪಿಷ್ಟ. ರಕ್ತದಲ್ಲಿ ಆಲ್ಬುಮಿನಿಗೆ ಅಂಟದೆ ಬಿಡಿಯಾಗಿರುವ ಇಂಡಾಕ್ಸಿಲ್ ಸಲ್ಫೇಟ್ ಸುಮಾರು ಶೇ. 29 ಇಳಿಯಿತು. ಪ್ರಯೋಗ ಸಣ್ಣದು. ಆದರೂ ಯಂತ್ರ ಒದ್ದಾಡಿ ತೆಗೆಯುವುದನ್ನು ಊಟ ಇಷ್ಟು ಇಳಿಸಿದೆ ಅಂದರೆ ಕಮ್ಮಿಯೇನಲ್ಲ.

ಮೋಷನ್ ಸರಿಯಾಗುವವರೆಗೆ ಔಷಧಿ ಬೇಕಾಗಬಹುದು. ಇಲ್ಲಿ ಎಚ್ಚರ ಬೇಕು. ಇಸಬ್ಗೋಲ್ ಆಗುತ್ತೆ, ಆದರೆ ಸಾಕಷ್ಟು ನೀರಿನ ಜೊತೆ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಅದೇ ಗಂಟಾಗುತ್ತೆ. ಬೇರೆ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಕಾಲು ಊತ ಇದ್ದು ನೀರು ಕಮ್ಮಿ ಮಾಡಿ ಅಂತ ಹೇಳಿದ್ದರೆ ಇಸಬ್ಗೋಲ್ ಬೇಡ. ಲ್ಯಾಕ್ಟುಲೋಸ್ ಸಿರಪ್ ನನಗೆ ಇಷ್ಟ. ಅದು ನಮಗೆ ಜೀರ್ಣವಾಗದ ಸಕ್ಕರೆ, ನೇರ ಬ್ಯಾಕ್ಟೀರಿಯಾಗಳ ಬಾಯಿಗೆ ಹೋಗುತ್ತೆ. ಮಲವೂ ಮೆತ್ತಗಾಗುತ್ತೆ, ಅಮೋನಿಯಾವೂ ಇಳಿಯುತ್ತೆ. ಮಿಲ್ಕ್ ಆಫ್ ಮೆಗ್ನೀಷಿಯಾದಂಥ ಮೆಗ್ನೀಷಿಯಂ ಇರುವ ಔಷಧಿ ಬೇಡ, ಸೊರಗಿದ ಕಿಡ್ನಿಯಿಂದ ಮೆಗ್ನೀಷಿಯಂ ಸರಿಯಾಗಿ ಹೊರಗೆ ಹೋಗುವುದಿಲ್ಲ. ಸೋಡಿಯಂ ಫಾಸ್ಫೇಟ್ ಇರುವ ಭೇದಿ ಔಷಧಿ, ಎನಿಮಾ ಖಂಡಿತ ಬೇಡ. ಅದರ ಫಾಸ್ಫೇಟ್ ಕಿಡ್ನಿಯ ಕೊಳವೆಗಳಲ್ಲಿ ಹರಳಾಗಿ ಕೂರಬಹುದು. ಕರುಳು ಪರೀಕ್ಷೆಗೆ ಮುಂಚೆ ಇದನ್ನು ಕುಡಿದ ಕೆಲವರ ಕಿಡ್ನಿಯೇ ನಿಂತುಹೋದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಗಟ್ಟಿ ಎಚ್ಚರಿಕೆ ಕೊಟ್ಟಿತು.

ಅವರ ಮಾತ್ರೆಗಳ ಚೀಟಿಯನ್ನೂ ಒಮ್ಮೆ ಬಿಡಿಸಿ ನೋಡಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಕೆಲವು ಬಿಪಿ ಮಾತ್ರೆ, ಕೆಲವು ನೋವಿನ ಮಾತ್ರೆ ಮಲ ಕಟ್ಟುತ್ತವೆ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಕರುಳಿನ ನರಗಳನ್ನೂ ಮಂದ ಮಾಡಿರಬಹುದು. ಗ್ಯಾಸ್ಟ್ರಿಕ್ ಅಂತ ವರ್ಷಗಟ್ಟಲೆ ನುಂಗುತ್ತಿರುವ ಮಾತ್ರೆ ಇದ್ದರೆ ಅದು ಇನ್ನೂ ಬೇಕಾ ಅಂತ ಕೇಳಿ. ಹೊಟ್ಟೆಯ ಆಮ್ಲ ಇಳಿದರೆ ಕರುಳಿನ ಬ್ಯಾಕ್ಟೀರಿಯಾವೂ ಬದಲಾಗುತ್ತೆ. ನೆಗಡಿಗೆಲ್ಲ ಆ್ಯಂಟಿಬಯಾಟಿಕ್ ಬೇಡ ಅನ್ನುವುದಕ್ಕೂ ಇದೊಂದು ಕಾರಣ.

ಈಗ ಕ್ಯಾಪ್ಸೂಲ್. ನಾನು ಕ್ಯಾಪ್ಸೂಲಿನ ಶತ್ರುವಲ್ಲ. ಆಸ್ಟ್ರೇಲಿಯಾದಲ್ಲಿ 37 ಜನ ಕಿಡ್ನಿ ರೋಗಿಗಳಿಗೆ ಪ್ರೋಬಯಾಟಿಕ್ ಮತ್ತು ಅದಕ್ಕೆ ಊಟವಾಗುವ ನಾರು ಎರಡನ್ನೂ ಸೇರಿಸಿ ಆರು ವಾರ ಕೊಟ್ಟು ನೋಡಿದರು. 2016ರಲ್ಲಿ ಫಲಿತಾಂಶ ಬಂತು. ಪಿ-ಕ್ರೆಸಿಲ್ ಸಲ್ಫೇಟ್ ಇಳಿಯಿತು. ಅವರು ಮುಖ್ಯವಾಗಿ ಗುರಿಯಿಟ್ಟಿದ್ದ ಇಂಡಾಕ್ಸಿಲ್ ಸಲ್ಫೇಟ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. 2023ರಲ್ಲಿ ಕೊಕ್ರೇನ್ ಸಂಸ್ಥೆ ಇಂಥ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಹಾಕಿ ತೂಗಿತು. ಇದರಿಂದ ಕಿಡ್ನಿ ಉಳಿಯುತ್ತೆ ಅನ್ನಲು ಬೇಕಾದ ಪುರಾವೆ ಅಲ್ಲಿ ಸಿಗಲಿಲ್ಲ.

ಇದರ ಕಾರಣ ನನಗೆ ಹೀಗೆ ಕಾಣುತ್ತೆ. ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ಬಹುಪಾಲು ದೊಡ್ಡ ಕರುಳಲ್ಲೇ. ಕ್ಯಾಪ್ಸೂಲಿನಲ್ಲಿ ಕೆಲವು ನೂರು ಅಥವಾ ಸಾವಿರ ಕೋಟಿ. ತುಂಬಿದ ಊರಿಗೆ ಹೊಸಬರನ್ನು ಒಂದು ಬಸ್ಸಲ್ಲಿ ತಂದು ಇಳಿಸಿದ ಹಾಗೆ. ಊರಲ್ಲಿ ತಿನ್ನಲು ಏನೂ ಇಲ್ಲದಿದ್ದರೆ ಅವರು ಎರಡು ದಿನ ಇದ್ದು ಹೊರಟುಬಿಡುತ್ತಾರೆ. ಹೊಸಬರನ್ನು ತರುವ ಬದಲು ಇದ್ದವರಿಗೆ ಒಳ್ಳೆ ಊಟ ಹಾಕುವುದು ಸುಲಭ, ಅಗ್ಗ. ಇನ್ನೊಂದು ಮಾತು: ಕಿಡ್ನಿ ಕಸಿ ಆಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕುತ್ತಿಗೆಯಲ್ಲಿ ಡಯಾಲಿಸಿಸ್ ಕ್ಯಾಥೆಟರ್ ಇರುವವರು ಡಾಕ್ಟರನ್ನು ಕೇಳದೆ ಪ್ರೋಬಯಾಟಿಕ್ ಮುಟ್ಟಬಾರದು. ಅಂಥವರಲ್ಲಿ ಅಪರೂಪಕ್ಕೆ ಅದೇ ಸೂಕ್ಷ್ಮಜೀವಿ ರಕ್ತಕ್ಕೆ ಹೊಕ್ಕು ಸೋಂಕು ಮಾಡಿದ್ದಿದೆ.

ವಿಷ ಹುಟ್ಟಲಿ, ಕರುಳಲ್ಲೇ ಹೀರಿಬಿಡೋಣ ಅಂತಲೂ ಯೋಚಿಸಿದರು. ಎಎಸ್‌ಟಿ-120 ಅನ್ನೋ ಇದ್ದಿಲಿನ ಸಣ್ಣ ಗುಂಡುಗಳು ಜಪಾನಿನಲ್ಲಿ 1991ರಿಂದ ಬಳಕೆಯಲ್ಲಿವೆ. ಇಂಡೋಲನ್ನು ಕರುಳಲ್ಲೇ ಹಿಡಿದು ಮಲದಲ್ಲಿ ಕಳಿಸುತ್ತವೆ. ರಕ್ತದಲ್ಲಿ ಇಂಡಾಕ್ಸಿಲ್ ಸಲ್ಫೇಟ್ ಇಳಿಸುತ್ತವೆ. ಹಾಗಾದರೆ ಕಿಡ್ನಿ ಉಳಿಯಬೇಕು ಅಲ್ವಾ? ಎರಡು ಸಾವಿರಕ್ಕೂ ಜಾಸ್ತಿ ರೋಗಿಗಳ ಮೇಲೆ ಹಲವು ದೇಶಗಳಲ್ಲಿ ಪ್ರಯೋಗ ಮಾಡಿದರು. 2015ರಲ್ಲಿ ಫಲಿತಾಂಶ ಬಂದಾಗ ಸುಮ್ಮನೆ ಹುಸಿಮಾತ್ರೆ ತೆಗೆದುಕೊಂಡವರಿಗೂ ಇವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಅದು ದೊಡ್ಡ ನಿರಾಸೆ. ನಾನೂ ಆಸೆ ಇಟ್ಟುಕೊಂಡಿದ್ದೆ. ಮೇಲೆ ನಾನು ಹೇಳಿದ ಕಥೆ ಎಷ್ಟು ಚೆಂದ ಕೂಡಿಬಂದರೂ, ವಿಷ ಇಳಿಸಿದರೆ ಕಿಡ್ನಿ ಉಳಿಯುತ್ತೆ ಅನ್ನುವ ಕೊನೆಯ ಕೊಂಡಿ ಮನುಷ್ಯರಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಹಾಗಾಗಿ 'ಕರುಳು ಸರಿಮಾಡಿದರೆ ಕಿಡ್ನಿ ತಾನೇ ಸರಿಹೋಗುತ್ತೆ' ಅನ್ನುವ ಮಾತು ನಂಬಬೇಡಿ. ಅಂದಹಾಗೆ, ಇದ್ದಿಲು ಮಾತ್ರೆ ಅಂತ ಮಾಮೂಲಿ ಅಂಗಡಿಯಲ್ಲಿ ಸಿಗುವುದು ಈ ಔಷಧಿಯಲ್ಲ. ಅದು ಬಿಪಿ ಮಾತ್ರೆಯನ್ನೂ ಹೀರಿಬಿಡಬಹುದು.

ಕರುಳು ತೊಳೆಸುವ ಹುಚ್ಚು ಇವತ್ತಿನದಲ್ಲ. ನೂರು ವರ್ಷದ ಹಿಂದೆ ದೊಡ್ಡ ಕರುಳೇ ಎಲ್ಲ ರೋಗದ ಮೂಲ ಅಂತ ದೊಡ್ಡ ದೊಡ್ಡವರೇ ನಂಬಿದ್ದರು. 1908ರ ನೊಬೆಲ್ ಪಡೆದ ಎಲಿ ಮೆಚ್ನಿಕಾಫ್ ಕರುಳಿನ ಕೊಳೆತವೇ ಮುಪ್ಪು ತರುತ್ತೆ ಅಂದರು, ಹುಳಿ ಹಾಲು ಕುಡಿಯಿರಿ ಅಂದರು. ಲಂಡನ್ನಿನ ಸರ್ಜನ್ ಆರ್ಬತ್‌ನಾಟ್ ಲೇನ್ ಇನ್ನೂ ಮುಂದೆ ಹೋಗಿ ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದರು. ಕರುಳಲ್ಲಿ ವಿಷ ಹುಟ್ಟುತ್ತೆ ಅನ್ನುವುದರಲ್ಲಿ ಅವರು ಪೂರ್ತಿ ತಪ್ಪಲ್ಲ, ತಪ್ಪಿದ್ದು ಮದ್ದಿನಲ್ಲಿ. ಕರುಳು ತೊಳೆದರೆ ಬ್ಯಾಕ್ಟೀರಿಯಾ ಕೆಲವೇ ದಿನದಲ್ಲಿ ಮತ್ತೆ ಬೆಳೆಯುತ್ತವೆ. ಆದರೆ ನೀರು, ಲವಣ ಏರುಪೇರಾಗಿ ಇಜಿಎಫ್‌ಆರ್ 40 ಇರುವ ಕಿಡ್ನಿಗೆ ಒಂದೇ ದಿನದಲ್ಲಿ ಪೆಟ್ಟು ಬೀಳಬಹುದು. ಇನ್ನು 'ವಿಷ ತೆಗೆಯುವ' ಗಿಡಮೂಲಿಕೆ ಪುಡಿಗಳು. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಗಿಡಮೂಲಿಕೆ ಮಾತ್ರೆ ನುಂಗಿದ ಎಷ್ಟೋ ಹೆಂಗಸರ ಕಿಡ್ನಿ ಹಾಳಾಯಿತು. ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇದ್ದ ಗಿಡ ಸೇರಿಹೋಗಿತ್ತು. ಪುಡಿಯೊಳಗೆ ಏನಿದೆ ಅಂತ ಗೊತ್ತಿಲ್ಲದಿದ್ದರೆ ಬೇಡ.

   

ಕ್ಯಾಪ್ಸೂಲಿಗೆ ಇಟ್ಟಿದ್ದ ಹಣ, ಉತ್ಸಾಹ ಎರಡನ್ನೂ ಬೇರೆ ಕಡೆ ತಿರುಗಿಸಿ. ಮೂತ್ರದಲ್ಲಿ ಆಲ್ಬುಮಿನ್ ಎಷ್ಟು ಹೋಗುತ್ತಿದೆ ಅನ್ನುವ ಪರೀಕ್ಷೆಯ ಸುದ್ದಿಯೇ ನಿಮ್ಮ ಪತ್ರದಲ್ಲಿ ಇಲ್ಲ. ಯೂರಿನ್ ಆಲ್ಬುಮಿನ್-ಕ್ರಿಯಾಟಿನಿನ್ ರೇಶಿಯೋ ಅಂತ ಕೇಳಿ ಮಾಡಿಸಿ. ಸಕ್ಕರೆ ಕಾಯಿಲೆಯಿಂದ ಬಂದ ಕಿಡ್ನಿ ತೊಂದರೆಗೆ ಇವತ್ತು ಒಳ್ಳೆ ಮಾತ್ರೆಗಳಿವೆ. ಎಸ್‌ಜಿಎಲ್‌ಟಿ2 ಗುಂಪಿನ ಡಾಪಾಗ್ಲಿಫ್ಲೋಜಿನ್ ಅದರಲ್ಲೊಂದು. 2020ರಲ್ಲಿ ಮುಗಿದ ಪ್ರಯೋಗದಲ್ಲಿ 4,304 ರೋಗಿಗಳಿದ್ದರು. ಕಿಡ್ನಿ ಅರ್ಧಕ್ಕೆ ಕುಸಿಯುವುದು, ಪೂರ್ತಿ ನಿಲ್ಲುವುದು, ಕಿಡ್ನಿ ಅಥವಾ ಹೃದಯದಿಂದ ಸಾವು, ಇವೆಲ್ಲ ಸೇರಿ ಶೇ. 39 ಕಮ್ಮಿಯಾಯಿತು. ಲಾಭ ಅಷ್ಟು ಸ್ಪಷ್ಟವಾಗಿದ್ದಕ್ಕೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ನಿಮ್ಮ ತಂದೆಯವರ ಚೀಟಿಯಲ್ಲಿ ಈ ಮಾತ್ರೆ ಇದೆಯಾ? ರಾಮಿಪ್ರಿಲ್, ಟೆಲ್ಮಿಸಾರ್ಟನ್ ಗುಂಪಿನ ಬಿಪಿ ಮಾತ್ರೆ ಇದೆಯಾ? ಇಲ್ಲದಿದ್ದರೆ ಯಾಕಿಲ್ಲ ಅಂತ ಅವರ ಡಾಕ್ಟರನ್ನು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮಂಡಿನೋವು, ತಲೆನೋವು ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವ ಅಭ್ಯಾಸ ಇದ್ದರೆ ಅದನ್ನೂ ಹೇಳಿ.

ತರಕಾರಿ, ಕಾಳು ಶುರುಮಾಡಿದ ಎರಡು ವಾರಕ್ಕೆ ಪೊಟ್ಯಾಸಿಯಂ ಮತ್ತೆ ನೋಡಿಸಿ. 5ರ ಒಳಗಿದ್ದರೆ ಹಾಗೇ ಮುಂದುವರಿಸಿ, 5.5 ದಾಟಿದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಅಷ್ಟು ದಿನ ಒಂದು ಸಣ್ಣ ಪುಸ್ತಕದಲ್ಲಿ ದಿನಾ ಮೋಷನ್ ಆಯಿತಾ ಇಲ್ಲವಾ ಅಂತ ಬರೆದಿಡಿ. ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ವಾಂತಿ ಶುರುವಾಗಿ ಗಾಳಿಯೂ ಹೋಗದಿದ್ದರೆ ಎರಡು ವಾರ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಬ್ಲಡ್ ರಿಪೋರ್ಟಿನ ಜೊತೆ ಆ ಪುಸ್ತಕವನ್ನೂ ಮೇಜಿನ ಮೇಲೆ ಇಡಿ.